ಕಳೆದುಹೋದದ್ದಲ್ಲ, ಕಳವಾದದ್ದು

ಕಳೆದ ವಾರ ಒಂದು ಸಂಜೆ, ಪತ್ರಿಕೆಯ ಕಡೆಯ ಪುಟ ಅಚ್ಚಿಗೆ ಹೋಗುವ ಹೊತ್ತಿನಲ್ಲಿ, ಹಿರಿಯೂರಿನ ಎಣ್ಣೆ ಮಿಲ್ಲೊಂದರಲ್ಲಿ ಮೂಟೆ ಹೊರುವ ಹಮಾಲಿ ಬಂಧುವೊಬ್ಬರು ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಬಂದವರು ಬೆಂಚಿನ ಮೇಲೆ ಕುಳಿತು ಬಹಳ ಹೊತ್ತು ಮಾತಾಡಲಿಲ್ಲ. ತರಿಸಿದ ಚಹಾ ಆರಿಹೋಯಿತು. ಕೊನೆಗೆ ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಿಸಿದ್ದ ಒಂದು ಕಾಗದವನ್ನು ತೆಗೆದು ನಮ್ಮ ಮುಂದಿಟ್ಟರು.

ಅವರ ಮಗಳು ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಓದುತ್ತಿದ್ದಾಳೆ. ಆ ಮನೆಯಲ್ಲಿ ಹತ್ತನೆಯ ತರಗತಿಯನ್ನು ದಾಟಿದವರಲ್ಲಿ ಅವಳೇ ಮೊದಲಿಗಳು. ವಿದ್ಯಾರ್ಥಿವೇತನದ ಪರಿಶೀಲನೆಗೆಂದು ಮೂಲ ಅಂಕಪಟ್ಟಿಗಳನ್ನು ತೆಗೆದುಕೊಂಡು ಹೋಗಿದ್ದವಳು ಊರಿಗೆ ಮರಳುವಾಗ, ಬಸ್ ನಿಲ್ದಾಣದ ನೂಕುನುಗ್ಗಲಿನಲ್ಲಿ ಯಾರೋ ಅವಳ ಚೀಲವನ್ನು ಬ್ಲೇಡಿನಿಂದ ಕೊಯ್ದರು. ಕಂತಿನ ಮೇಲೆ ಕೊಂಡ ಫೋನು ಹೋಯಿತು. ಅದರ ಜೊತೆಗಿದ್ದ ಪ್ಲಾಸ್ಟಿಕ್ ಫೈಲೂ ಹೋಯಿತು. ಫೋನಿನ ಎಂಟು ಕಂತು ಇನ್ನೂ ಬಾಕಿ. ಠಾಣೆಗೆ ಹೋದರೆ ಎರಡು ಗಂಟೆ ಕೂರಿಸಿ ಒಂದು ಕಾಗದ ಕೊಟ್ಟು ಕಳಿಸಿದರು. ಅದರಲ್ಲಿ ಬರೆದಿತ್ತು: ಪ್ರಯಾಣ ಕಾಲದಲ್ಲಿ ಮೊಬೈಲ್ ಫೋನು ಮತ್ತು ಅಂಕಪಟ್ಟಿಗಳು ಕಳೆದುಹೋಗಿರುತ್ತವೆ.

ನಾವು ಕಾಗದವನ್ನು ಓದಿ ಮುಗಿಸಿದ ಮೇಲೆ ಆ ತಂದೆ ಕೇಳಿದ್ದು ಫೋನಿನ ವಿಚಾರವನ್ನಲ್ಲ. "ಮೇಷ್ಟ್ರೇ, ಹುಡುಗೀನ ವಾಪಸ್ ಕರ್ಕೊಂಡು ಬಂದ್ಬಿಡ್ಲಾ? ಅವರಮ್ಮ ಒಂದೇ ಸಮ ಅಳ್ತಾಳೆ. ಇವತ್ತು ಚೀಲ ಕೊಯ್ದೋರು ನಾಳೆ ಇನ್ನೇನು ಮಾಡ್ತಾರೋ ಅಂತಾಳೆ" ಎಂದರು.

ಓದುಗ ಬಂಧುಗಳೇ, ಈ ವಾರ ನಾವು ಬೆಲೆಯೇರಿಕೆಯ ಬಗ್ಗೆಯಾಗಲಿ ಕೂಲಿಯ ಬಗ್ಗೆಯಾಗಲಿ ಬರೆಯದೆ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿರುವುದಕ್ಕೆ ಕಾರಣವಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಎಷ್ಟೋ ಕಾರ್ಮಿಕರ, ಸಣ್ಣ ಅಂಗಡಿಕಾರರ ಮನೆಗಳಲ್ಲಿ ಈ ಮಾತು ಒಂದಲ್ಲ ಒಂದು ರಾತ್ರಿ ಊಟದ ಹೊತ್ತಿಗೆ ಬಂದೇ ಬಂದಿರುತ್ತದೆ. ಮಗನನ್ನೋ ಮಗಳನ್ನೋ ಪರಸ್ಥಳಕ್ಕೆ ಓದಲು ಕಳಿಸಿದ ತಾಯಿತಂದೆಯರ ಎದೆಯಲ್ಲಿ ಎರಡು ಭಯ ಸದಾ ಇರುತ್ತವೆ: ಮಗುವಿಗೆ ಏನಾದೀತೋ ಎಂಬುದೊಂದು, ಮಗುವಿನ ಕೈಯಲ್ಲಿರುವ ಸಾಮಾನು ಏನಾದೀತೋ ಎಂಬುದು ಇನ್ನೊಂದು. ಈ ಭಯಗಳನ್ನು ಯಾರೂ ಹಗುರವಾಗಿ ಕಾಣಬಾರದು.

ಒಂದು ಕಾಲವಿತ್ತು. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪನೆಯಾದ ಮೇಲೆ ಬಹುಕಾಲ ನಮ್ಮ ಕಡೆಯಿಂದ ಅಲ್ಲಿಗೆ ಹೋದವರು ಬಹುಮಟ್ಟಿಗೆ ಜಮೀನುದಾರರ, ವಕೀಲರ, ಮಂಡಿ ಸಾಹುಕಾರರ ಮಕ್ಕಳು. ಬಡವರ ಮಕ್ಕಳಲ್ಲಿ ಕೆಲವರು ವಾರಾನ್ನ ಉಂಡು, ಮಠಗಳ ಉಚಿತ ಪ್ರಸಾದನಿಲಯಗಳಲ್ಲಿ ಮಲಗಿ ಓದಿದರು. ಹೆಣ್ಣುಮಕ್ಕಳಂತೂ ಬೆರಳೆಣಿಕೆ. 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂತು. 1997ರವರೆಗೆ ನಮ್ಮ ಜಿಲ್ಲೆಯ ಭಾಗವಾಗಿದ್ದ ದಾವಣಗೆರೆಯಲ್ಲಿ 2009ರಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯವೇ ಸ್ಥಾಪನೆಯಾಯಿತು. ಚಿತ್ರದುರ್ಗದ ಹತ್ತಿರ ಗುಡ್ಡದ ರಂಗವ್ವನಹಳ್ಳಿಯಲ್ಲಿ ಅದರ ಸ್ನಾತಕೋತ್ತರ ಕೇಂದ್ರವಿದೆ. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಜಾರಿಗೆ ಬಂತು. ಹೀಗೆ ಒಂದೊಂದೇ ಬಾಗಿಲು ತೆರೆದುದರಿಂದ ಹಮಾಲಿಯ ಮಗಳು ಎಂ.ಕಾಂ. ತರಗತಿಯ ಬೆಂಚಿನ ಮೇಲೆ ಕುಳಿತಿದ್ದಾಳೆ. ಈ ಬಾಗಿಲುಗಳು ತಾವಾಗಿ ತೆರೆದುಕೊಂಡವಲ್ಲ. ಜನ ಕೇಳಿ ಕೇಳಿ ತೆರೆಸಿದವು.

ಸಾಹುಕಾರರ ಮಗನ ಫೋನು ಹೋದರೆ ಸಂಜೆಯೊಳಗೆ ಇನ್ನೊಂದು ಬರುತ್ತದೆ. ನಮ್ಮ ಮಕ್ಕಳ ಚೀಲದಲ್ಲಿರುವುದು ಮನೆಯ ಇಡೀ ಬಂಡವಾಳ. ಪಾಠದ ಟಿಪ್ಪಣಿ, ವಿದ್ಯಾರ್ಥಿವೇತನದ ಹಣ ಜಮೆಯಾದ ಸಂದೇಶ, ಬ್ಯಾಂಕಿನ ಖಾತೆ, ಪರೀಕ್ಷೆಯ ಪ್ರವೇಶಪತ್ರ, ಮನೆಗೆ ಮಾಡುವ ಕರೆ, ಎಲ್ಲವೂ ಆ ಒಂದು ಫೋನಿನೊಳಗೆ. ಹತ್ತನೆಯ ತರಗತಿಯ ಅಂಕಪಟ್ಟಿ ಹೋದರೆ ಹುಟ್ಟಿದ ದಿನಾಂಕದ ಸಾಕ್ಷಿಯೇ ಹೋದಂತೆ. ಎರಡನೆಯ ಪ್ರತಿ ಪಡೆಯಲು ಅರ್ಜಿ, ಅಫಿಡವಿಟ್ಟು, ಶುಲ್ಕ, ಓಡಾಟ. ಒಂದೊಂದು ಓಡಾಟಕ್ಕೂ ತಂದೆಯ ಒಂದು ದಿನದ ಕೂಲಿ. ಅಷ್ಟರೊಳಗೆ ಅರ್ಜಿಯ ಕೊನೆಯ ದಿನ ಕಳೆದರೆ ಒಂದು ವರ್ಷವೇ ಹೋಯಿತು. ಆದ್ದರಿಂದ ಎಚ್ಚರಿಕೆಯ ಮಾತು ಮೊದಲು ಸಲ್ಲಬೇಕಾದದ್ದು ನಮ್ಮಂಥವರ ಮನೆಗಳಿಗೆ.

ಮೊದಲು ಕಾಗದಪತ್ರಗಳ ವಿಚಾರ. ಮೂಲ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವರ್ಗಾವಣೆ ಪತ್ರ, ಇವುಗಳ ಜಾಗ ಮನೆಯ ಟ್ರಂಕೇ ಹೊರತು ಬಸ್ಸಿನ ಚೀಲವಲ್ಲ. ಪ್ರತಿಯೊಂದರ ಮೂರು ಜೆರಾಕ್ಸು ಮಾಡಿಸಿ, ಒಂದನ್ನು ಮನೆಯಲ್ಲಿ, ಒಂದನ್ನು ಮಗುವಿನ ಕೋಣೆಯಲ್ಲಿ, ಒಂದನ್ನು ನಂಬಿಕೆಯ ನೆಂಟರ ಮನೆಯಲ್ಲಿ ಇಡಿರಿ. ಮೂಲವನ್ನೇ ತೋರಿಸಬೇಕೆಂದು ಕಚೇರಿಯವರು ಹೇಳಿದ ದಿನ ಮಾತ್ರ ಅದು ಹೊರಗೆ ಬರಲಿ. ತೋರಿಸಿದ ದಿನವೇ ಹಿಂದಕ್ಕೆ ಹೋಗಲಿ. ಕೇಂದ್ರ ಸರ್ಕಾರ 2015ರಲ್ಲಿ ಡಿಜಿಲಾಕರ್ ಎಂಬ ಏರ್ಪಾಡನ್ನು ಆರಂಭಿಸಿತು. ಪರೀಕ್ಷಾ ಮಂಡಲಿಯೋ ವಿಶ್ವವಿದ್ಯಾಲಯವೋ ತಾನೇ ಅಲ್ಲಿ ಒದಗಿಸಿದ ಅಂಕಪಟ್ಟಿ ಮೂಲ ಕಾಗದಕ್ಕೆ ಸಮಾನವೆಂದು ಮಾಹಿತಿ ತಂತ್ರಜ್ಞಾನ ಕಾಯಿದೆಯ ನಿಯಮವೇ ಹೇಳುತ್ತದೆ. ನಾವೇ ಫೋಟೊ ತೆಗೆದು ಅದರಲ್ಲಿ ಇಟ್ಟುಕೊಂಡದ್ದಕ್ಕೆ ಆ ಮಾನ್ಯತೆ ಇಲ್ಲ. ಈ ವ್ಯತ್ಯಾಸವನ್ನು ಮಕ್ಕಳಿಗೆ ಹೇಳಿಕೊಡಿ.

ಫೋನಿನ ವಿಚಾರ ಎರಡನೆಯದು. ಪ್ರತಿ ಫೋನಿಗೂ ಹದಿನೈದು ಅಂಕಿಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ; ಅದಕ್ಕೆ ಐ.ಎಂ.ಇ.ಐ. ಎನ್ನುತ್ತಾರೆ. ಫೋನಿನಲ್ಲಿ ನಕ್ಷತ್ರದ ಗುರುತು, ಹ್ಯಾಶ್ ಗುರುತು, ಸೊನ್ನೆ, ಆರು, ಮತ್ತೆ ಹ್ಯಾಶ್ ಗುರುತು ಒತ್ತಿದರೆ ಅದು ಕಾಣುತ್ತದೆ. ಈ ಸಂಖ್ಯೆಯನ್ನು ಇವತ್ತೇ ಬರೆದುಕೊಳ್ಳಿರಿ. ಅಂಗಡಿಕಾರ ಬಂಧುಗಳು ಸಾಲದ ಪುಸ್ತಕದ ಮೊದಲ ಹಾಳೆಯಲ್ಲಿ ಬರೆಯಲಿ. ಕಾರ್ಮಿಕ ಬಂಧುಗಳು ಕ್ಯಾಲೆಂಡರಿನ ಹಿಂಭಾಗದಲ್ಲಿ ಬರೆಯಲಿ. ಆದರೆ ಕಳೆದುಹೋಗಬಹುದಾದ ಅದೇ ಫೋನಿನೊಳಗೆ ಮಾತ್ರ ಬರೆದಿಡಬೇಡಿ. ಕೊಂಡ ಬಿಲ್ಲನ್ನು ಎಸೆಯಬೇಡಿ. ಫೋನಿಗೆ ಬೀಗದ ಸಂಖ್ಯೆ ಹಾಕಿ. ಅದು ಹುಟ್ಟಿದ ವರ್ಷವಾಗದಿರಲಿ. ಮನೆಯ ಎರಡು ಫೋನ್ ನಂಬರುಗಳನ್ನು ಮಗು ಬಾಯಿಪಾಠ ಕಲಿತಿರಲಿ. ಮಗ್ಗಿ ಕಲಿತ ಮಕ್ಕಳಿಗೆ ಇದೇನು ಕಷ್ಟವಲ್ಲ. ಫೋನು ಹೋದ ರಾತ್ರಿ ಅದೊಂದೇ ಆಸರೆ.

ದಾರಿಯ ವಿಚಾರವನ್ನೂ ಹೇಳಬೇಕು. ಬಸ್ಸು ಹತ್ತುವ ಹೊತ್ತೇ ಜೇಬುಗಳ್ಳರ ಸುಗ್ಗಿ. ಎರಡು ಕೈಯೂ ಬಾಗಿಲ ಸರಳಿನ ಮೇಲಿರುತ್ತವೆ, ಚೀಲ ಬೆನ್ನ ಮೇಲಿರುತ್ತದೆ. ಹತ್ತುವಾಗ ಚೀಲ ಎದೆಯ ಮೇಲೆ ಬರಲಿ. ಫೋನು ಚೀಲದ ತಳದಲ್ಲಿರಲಿ. ಹಣ ಎರಡು ಕಡೆ ಹಂಚಿರಲಿ. ಚಿಕ್ಕಜಾಜೂರಿನಲ್ಲೋ ಹೊಸದುರ್ಗ ರೋಡಿನಲ್ಲೋ ರೈಲು ಹತ್ತುವವರು ಕಿಟಕಿಯ ಪಕ್ಕ ಕುಳಿತು ಫೋನು ಹಿಡಿದು ನೋಡುತ್ತ ಕೂರುವ ಅಭ್ಯಾಸ ಬಿಡಲಿ. ರೈಲು ಹೊರಡುವ ಕ್ಷಣದಲ್ಲಿ ಹೊರಗಿನಿಂದ ಕೈ ಬರುತ್ತದೆ. ರೈಲಿನಲ್ಲಿ ತೊಂದರೆಯಾದರೆ 139ಕ್ಕೆ ಕರೆ ಮಾಡಬಹುದು. ಬಾಡಿಗೆ ಕೋಣೆ ಹಿಡಿಯುವವರು ಮೊದಲು ಬಾಗಿಲ ಚಿಲಕ ನೋಡಲಿ, ಆಮೇಲೆ ಬಾಡಿಗೆ ಕೇಳಲಿ. ಹಳೆಯ ಬೀಗ ತೆಗೆದು ತಮ್ಮದೇ ಬೀಗ ಹಾಕಿಕೊಳ್ಳಲಿ. ಸ್ನಾನಕ್ಕೆ ಹೋಗುವಾಗ ಐದು ನಿಮಿಷವೆಂದು ಬಾಗಿಲು ತೆರೆದಿಟ್ಟರೆ ಆ ಐದು ನಿಮಿಷವೇ ಕಳ್ಳನಿಗೆ ಸಾಕು.

ಇಷ್ಟೆಲ್ಲ ಮಾಡಿಯೂ ಕಳವಾದರೆ? ಆಗ ಅಳುತ್ತ ಕೂರುವ ಮೊದಲು ಒಂದು ಗಂಟೆಯೊಳಗೆ ಆಗಬೇಕಾದ ಕೆಲಸಗಳಿವೆ. ಜೊತೆಯಲ್ಲಿರುವವರ ಫೋನಿನಿಂದ ಸಿಮ್ ಕಂಪನಿಗೆ ಕರೆಮಾಡಿ ನಂಬರನ್ನು ನಿಲ್ಲಿಸಬೇಕು. ಬ್ಯಾಂಕಿಗೆ ತಿಳಿಸಿ ಖಾತೆಯ ಫೋನ್ ವ್ಯವಹಾರವನ್ನು ತಡೆಹಿಡಿಸಬೇಕು. ಹಣವೇ ಹೋಗಿದ್ದರೆ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ಕಳ್ಳರ ಖಾತೆಯಿಂದ ಮುಂದಕ್ಕೆ ದಾಟುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು. ಪ್ರಾಣಕ್ಕೆ ಅಪಾಯವಿದ್ದರೆ 112. ಆಮೇಲೆ ಠಾಣೆ. ದೂರಿನ ಪ್ರತಿಯೂ ಆ ಹದಿನೈದು ಅಂಕಿಯ ಸಂಖ್ಯೆಯೂ ಕೈಯಲ್ಲಿದ್ದರೆ, ಕೇಂದ್ರ ಸರ್ಕಾರದ ಸಿ.ಇ.ಐ.ಆರ್. ಎಂಬ ನೋಂದಣಿಯಲ್ಲಿ ಅರ್ಜಿ ಹಾಕಿ ಫೋನನ್ನು ದೇಶದ ಯಾವ ಕಂಪನಿಯ ಸಿಮ್ಮಿನಲ್ಲೂ ನಡೆಯದಂತೆ ಮಾಡಬಹುದು. 2023ರಿಂದ ಇದು ದೇಶಕ್ಕೆಲ್ಲ ಲಭ್ಯವಾಗಿದೆ. ಯಾರಾದರೂ ಆ ಫೋನಿಗೆ ಹೊಸ ಸಿಮ್ ಹಾಕಿದರೆ ಸುಳಿವು ಸಿಗುತ್ತದೆ.

ಈಗ ಆ ಹಮಾಲಿ ಬಂಧುವಿನ ಕೈಯಲ್ಲಿದ್ದ ಕಾಗದಕ್ಕೆ ಬರೋಣ. ಕಳೆದುಹೋಯಿತು ಎಂಬುದು ಒಂದು ಮಾತು. ಕಳವಾಯಿತು ಎಂಬುದು ಇನ್ನೊಂದು ಮಾತು. ಕಳೆದುಹೋಯಿತು ಎಂದು ಬರೆದರೆ ತಪ್ಪು ಕಳೆದುಕೊಂಡವಳದು. ಕಳವಾಯಿತು ಎಂದು ಬರೆದರೆ ಅಲ್ಲೊಬ್ಬ ಕಳ್ಳನಿದ್ದಾನೆ. ಅವನನ್ನು ಹುಡುಕುವ ಹೊಣೆ ಠಾಣೆಯದು. ಲೆಕ್ಕದ ಪುಸ್ತಕದಲ್ಲಿ ಅಪರಾಧದ ಸಂಖ್ಯೆ ಏರಬಾರದೆಂದು ಎರಡನೆಯ ಮಾತಿನ ಜಾಗದಲ್ಲಿ ಮೊದಲನೆಯದನ್ನು ಬರೆಸುವ ಚಾಳಿ ದೇಶದಲ್ಲಿ ಹೊಸದೇನಲ್ಲ. ನಿಜವಾಗಿ ಕಳೆದುಕೊಂಡ ವಸ್ತುವಿಗೆ ರಾಜ್ಯ ಪೊಲೀಸರ ಇ-ಲಾಸ್ಟ್ ಎಂಬ ಏರ್ಪಾಡಿದೆ. ಅದರಲ್ಲಿ ದಾಖಲಿಸಿದರೆ ಎರಡನೆಯ ಪ್ರತಿ ಪಡೆಯಲು ಅನುಕೂಲ. ಚೀಲ ಕೊಯ್ದು ಕದ್ದದ್ದಕ್ಕೆ ಆ ಕಾಗದ ಸಾಲದು.

ಕಾಯಿದೆ ಏನು ಹೇಳುತ್ತದೆ? ಠಾಣೆಯವರು ತಾವಾಗಿ ತನಿಖೆ ಕೈಗೊಳ್ಳಬಹುದಾದಂಥ ಅಪರಾಧದ ದೂರು ಬಂದರೆ ಪ್ರಥಮ ವರ್ತಮಾನ ವರದಿ, ಎಂದರೆ ಎಫ್.ಐ.ಆರ್., ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ, ಅಪರಾಧ ಯಾವ ಠಾಣೆಯ ಎಲ್ಲೆಯಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಹಿರಿಯೂರಿನವರು ಹಿರಿಯೂರಿನಲ್ಲೇ ಕೊಡಬಹುದು. "ಅದು ನಮ್ಮ ಸರಹದ್ದಲ್ಲ, ಅಲ್ಲಿಗೆ ಹೋಗಿ" ಎನ್ನುವಂತಿಲ್ಲ. ವರದಿಯ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಠಾಣಾಧಿಕಾರಿ ದಾಖಲಿಸಿಕೊಳ್ಳಲು ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ಸೂಪರಿಂಟೆಂಡೆಂಟರಿಗೆ ಅಂಚೆಯ ಮೂಲಕ ಬರೆದು ಕಳಿಸಬಹುದು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿಕೊಳ್ಳಬಹುದು. ಠಾಣೆಯ ಸಿಬ್ಬಂದಿಯೂ ಹೆಚ್ಚು ಗಂಟೆ ದುಡಿಯುವ ನೌಕರರೇ ಎಂಬುದನ್ನು ನಾವು ಬಲ್ಲೆವು. ಅವರೊಡನೆ ಜಗಳ ಬೇಡ. ಆದರೆ ಬರೆಯುವ ಮಾತು ಸರಿಯಾಗಿರಲಿ ಎಂದು ಕೇಳುವುದು ಜಗಳವಲ್ಲ.

ಚೀಲ ಕೊಯ್ಯುವ ಕಳ್ಳನಿಗಿಂತ ದೊಡ್ಡ ಕಳ್ಳ ಇನ್ನೊಬ್ಬನಿದ್ದಾನೆ. ಅವನು ನಗುನಗುತ್ತ ಬರುತ್ತಾನೆ. "ನಿನ್ನ ಬ್ಯಾಂಕ್ ಖಾತೆಯನ್ನು ನಮಗೆ ಒಂದು ತಿಂಗಳು ಬಿಟ್ಟುಕೊಡು, ಹಣ ಬರುತ್ತೆ ಹೋಗುತ್ತೆ, ನಿನಗೆ ಕಮಿಷನ್" ಎಂದು ಮೆಸ್ಸಿನಲ್ಲಿ, ಜಿಮ್ಮಿನಲ್ಲಿ, ಫೋನಿನ ಗುಂಪುಗಳಲ್ಲಿ ಬಡ ಹುಡುಗರನ್ನು ಹಿಡಿಯುತ್ತಾನೆ. ಆ ಖಾತೆಗೆ ಬರುವುದು ಇನ್ನೆಲ್ಲೋ ಒಬ್ಬ ಮುದುಕರಿಂದ ಸುಲಿದ ಹಣ. ಪೊಲೀಸರು ಹುಡುಕಿಕೊಂಡು ಬಂದಾಗ ಮೊದಲು ಸಿಗುವುದು ಖಾತೆ ಯಾರ ಹೆಸರಿನಲ್ಲಿದೆಯೋ ಆ ಹುಡುಗ. ಅವನ ವಿದ್ಯಾರ್ಥಿವೇತನ ಬರುವ ಖಾತೆಯೂ ಸ್ತಂಭಿಸುತ್ತದೆ, ಮುಂದೆ ಕೆಲಸಕ್ಕೆ ಸೇರುವಾಗಲೂ ಆ ಕಪ್ಪುಮಸಿ ಉಳಿಯುತ್ತದೆ. ಹಾಗೆಯೇ ಕಾಗದಪತ್ರವಿಲ್ಲದೆ ಐದು ನಿಮಿಷದಲ್ಲಿ ಸಾಲ ಕೊಡುವೆವೆನ್ನುವ ಆ್ಯಪುಗಳು; ಮೊದಲು ಹಣ ಕಟ್ಟಿಸಿಕೊಂಡು ಮನೆಯಲ್ಲೇ ಕೆಲಸ ಕೊಡುವೆವೆನ್ನುವವರು; ಪೊಲೀಸ್ ವೇಷದಲ್ಲಿ ಫೋನಿನ ಪರದೆಯ ಮೇಲೆ ಬಂದು "ನಿನ್ನನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಎನ್ನುವವರು. ಫೋನಿನ ಮೂಲಕ ಬಂಧಿಸುವ ಕಾನೂನು ಈ ದೇಶದಲ್ಲಿಲ್ಲ. ದುಡಿಯದೆ ಬರುವ ಹಣದ ಹಿಂದೆ ಯಾರದೋ ದುಡಿಮೆಯ ಸುಲಿಗೆ ಇರುತ್ತದೆಂಬುದು ಕಾರ್ಮಿಕರ ಮನೆಯ ಮಕ್ಕಳಿಗೆ ಹೊಸ ಪಾಠವೇನಲ್ಲ. ಆದರೂ ಒಮ್ಮೆ ಎದುರು ಕೂರಿಸಿಕೊಂಡು ಹೇಳಿರಿ. ಬೈದು ಹೇಳಬೇಡಿ. ತಪ್ಪು ಮಾಡಿ ಸಿಕ್ಕಿಕೊಂಡ ಹುಡುಗ ತಂದೆಯ ಬೈಗುಳಕ್ಕೆ ಹೆದರಿ ಮುಚ್ಚಿಡುವ ಎರಡು ದಿನದಲ್ಲೇ ಎಲ್ಲ ಕೈಮೀರುತ್ತದೆ.

ಇನ್ನು ಹೆಣ್ಣುಮಕ್ಕಳ ವಿಚಾರ. 2025ರ ಆಗಸ್ಟಿನಲ್ಲಿ ಇದೇ ಚಿತ್ರದುರ್ಗದಲ್ಲಿ, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಯುವತಿಯೊಬ್ಬಳ ಶವ ಹೆದ್ದಾರಿಯ ಬದಿಯಲ್ಲಿ ಸಿಕ್ಕಿದ್ದನ್ನು ಯಾರೂ ಮರೆತಿಲ್ಲ. ಆ ಕುಟುಂಬದ ದುಃಖವನ್ನು ಮತ್ತೆ ಕೆದಕಲು ನಾವು ಇದನ್ನು ಬರೆಯುತ್ತಿಲ್ಲ. ಅಂದು ವಿದ್ಯಾರ್ಥಿಗಳು ಬೀದಿಗಿಳಿದು ನ್ಯಾಯ ಕೇಳಿದರು. ಅದೇ ವಾರ ಎಷ್ಟೋ ಮನೆಗಳಲ್ಲಿ, "ಇನ್ನು ನೀನು ಓದಿದ್ದು ಸಾಕು" ಎಂಬ ಮಾತೂ ಹೊರಟಿರಬೇಕು. ನಾವು ಆ ಭಯವನ್ನು ಅರ್ಥಮಾಡಿಕೊಳ್ಳಬಲ್ಲೆವು. ಆ ತೀರ್ಮಾನವನ್ನು ಒಪ್ಪಲಾರೆವು. ಕೊಲೆಗಾರನ ಭಯಕ್ಕೆ ಸಾವಿರ ಹುಡುಗಿಯರು ಪುಸ್ತಕ ಮುಚ್ಚಿದರೆ ಒಂದು ಅನ್ಯಾಯದ ಜೊತೆಗೆ ಸಾವಿರ ಅನ್ಯಾಯ ಸೇರಿದಂತಾಯಿತು.

ನಮ್ಮ ದುರ್ಗಕ್ಕೆ ಏಳು ಸುತ್ತಿನ ಕೋಟೆ. ಆದರೂ ಅದರಲ್ಲೊಂದು ಕಿಂಡಿ ಇತ್ತು. ಹೈದರನ ಸೈನಿಕರು ಆ ಕಿಂಡಿಯಿಂದ ನುಸುಳಿದರು. ಕಾವಲುಗಾರ ಊಟಕ್ಕೆ ಹೋಗಿದ್ದಾಗ ಅವನ ಹೆಂಡತಿ ಓಬವ್ವ ಒನಕೆ ಹಿಡಿದು ನಿಂತಳು ಎಂಬ ಕಥೆ ಇಲ್ಲಿನ ಪ್ರತಿ ಮಗುವಿಗೂ ಗೊತ್ತು. 2021ರಿಂದ ಸರ್ಕಾರ ನವೆಂಬರ್ 11ರಂದು ಓಬವ್ವನ ಜಯಂತಿಯನ್ನು ಆಚರಿಸುತ್ತಿದೆ. ಸಂತೋಷ. ಆದರೆ ವೇದಿಕೆಯ ಮೇಲೆ ನಿಂತು "ನೀವೆಲ್ಲ ಓಬವ್ವನಂತಾಗಿ" ಎಂದು ವಿದ್ಯಾರ್ಥಿನಿಯರಿಗೆ ಹೇಳುವ ಮಹನೀಯರನ್ನು ನಾವು ಒಂದು ಪ್ರಶ್ನೆ ಕೇಳಬಯಸುತ್ತೇವೆ. ಕಿಂಡಿಯನ್ನು ಮುಚ್ಚುವ ಕೆಲಸ ಯಾರದು? ಪ್ರತಿ ಹುಡುಗಿಯೂ ದಿನವೂ ಒನಕೆ ಹಿಡಿದೇ ಓದಬೇಕೆಂದರೆ ಅವಳು ಪುಸ್ತಕ ಹಿಡಿಯುವುದು ಯಾವ ಕೈಯಲ್ಲಿ?

ಕಿಂಡಿಗಳು ಎಲ್ಲಿವೆಯೆಂದು ಓದುಗರು ನಮಗೆ ಹೇಳುತ್ತಲೇ ಬಂದಿದ್ದಾರೆ. ರಾತ್ರಿ ಹೊತ್ತು ಬಸ್ಸು ಊರೊಳಗೆ ಬಾರದೆ ಹೆದ್ದಾರಿಯ ಮೇಲೆಯೇ ಇಳಿಸಿ ಹೋಗುತ್ತದೆ. ಅಲ್ಲಿಂದ ಊರಿಗೆ ಕತ್ತಲಲ್ಲಿ ನಡೆದು ಬರಬೇಕು. ಕಾಲೇಜು ಬಿಡುವ ಹೊತ್ತಿಗೆ ಇರುವ ಒಂದು ಬಸ್ಸಿಗೆ ಎರಡು ಬಸ್ಸಿನ ಜನ. ಹಾಸ್ಟೆಲಿನಲ್ಲಿ ಸೀಟು ಸಿಗದೆ ಎಲ್ಲೆಲ್ಲೋ ಕೋಣೆ ಹಿಡಿಯಬೇಕು. ಸೀಟು ಸಿಕ್ಕವರಿಗೂ ಟ್ರಂಕಿಗೆ ಬೀಗ ಹಾಕಿ ಇಡಲು ಜಾಗವಿಲ್ಲ. ಹಾಸ್ಟೆಲಿನಿಂದ ಮಗು ರಜೆ ಪಡೆದು ಹೊರಟರೆ ಮನೆಗೆ ಒಂದು ಕರೆ ಹೋಗುವುದಿಲ್ಲ. ಸಂಜೆ ಆರಕ್ಕೆ ಗೇಟಿಗೆ ಬೀಗ ಹಾಕಿದರೆ ಕರ್ತವ್ಯ ಮುಗಿಯಿತೆಂದು ತಿಳಿಯುವ ಆಡಳಿತವಿದೆ. ಗೇಟಿನ ಬೀಗ ಹುಡುಗಿಯರ ಮೇಲೆ. ಬೀದಿಯ ದೀಪ ಯಾರ ಮೇಲೆ?

ಇವೆಲ್ಲವೂ ಕಾಸು ಖರ್ಚಾಗುವ ಕೆಲಸಗಳು. ಆದರೆ ಕಾಸಿಲ್ಲದೆ ಆಗಬಹುದಾದ, ನಿಯಮವಿದ್ದೂ ಆಗದ ಕೆಲಸಗಳೂ ಇವೆ. ವಿದ್ಯಾರ್ಥಿಗಳ ಮೂಲ ಪ್ರಮಾಣಪತ್ರಗಳನ್ನು ಸಂಸ್ಥೆಗಳು ತಮ್ಮಲ್ಲಿ ಇಟ್ಟುಕೊಳ್ಳಕೂಡದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2018ರ ಅಕ್ಟೋಬರಿನಲ್ಲೇ ಅಧಿಸೂಚನೆ ಹೊರಡಿಸಿತು. ಪರಿಶೀಲಿಸಿ ಕೂಡಲೇ ಹಿಂದಿರುಗಿಸಬೇಕು. ಆದರೂ ಶುಲ್ಕ ಬಾಕಿಯೆಂದು ಅಂಕಪಟ್ಟಿಯನ್ನು ಒತ್ತೆ ಹಿಡಿಯುವ ಪದ್ಧತಿಯ ಬಗ್ಗೆ ದೂರುಗಳು ನಿಂತಿಲ್ಲ. ಜೇಬುಗಳ್ಳ ಕದ್ದರೆ ಅಪರಾಧ. ಕಚೇರಿಯ ಬೀರುವಿನಲ್ಲಿ ಬೀಗ ಹಾಕಿಟ್ಟರೆ ಆಡಳಿತವೇ? ಮಗುವಿನ ಸೊತ್ತು ಎರಡು ಕಡೆಯೂ ಮಗುವಿನ ಕೈ ತಪ್ಪಿದೆ. ರ‍್ಯಾಗಿಂಗನ್ನು ತಡೆಯಲು ಆಯೋಗ 2009ರಲ್ಲಿ ನಿಯಮ ಮಾಡಿತು; 1800-180-5522 ಎಂಬ ನಂಬರಿಗೆ ಹಗಲುರಾತ್ರಿ ಉಚಿತವಾಗಿ ದೂರು ಹೇಳಬಹುದು. ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯಿದೆಯೂ ಆಯೋಗದ 2015ರ ನಿಯಮಗಳೂ ಇವೆ; ಪ್ರತಿ ಉನ್ನತ ವಿದ್ಯಾಸಂಸ್ಥೆಯಲ್ಲಿ ಆಂತರಿಕ ದೂರು ಸಮಿತಿ ಇರಬೇಕು, ವಿದ್ಯಾರ್ಥಿಗಳ ಪ್ರಕರಣವಾದರೆ ಅದರಲ್ಲಿ ಮೂವರು ವಿದ್ಯಾರ್ಥಿ ಪ್ರತಿನಿಧಿಗಳು ಕೂರಬೇಕು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ದೂರು ಕೊಡಬೇಕು. ನಿಮ್ಮ ಮಗಳ ಕಾಲೇಜಿನ ಸೂಚನಾ ಫಲಕದಲ್ಲಿ ಈ ಸಮಿತಿಯವರ ಹೆಸರೂ ಫೋನ್ ನಂಬರೂ ಇದೆಯೇ? ಮುಂದಿನ ಸಲ ಹೋದಾಗ ಓದಿ ಬನ್ನಿ. ಇಲ್ಲದಿದ್ದರೆ ಪ್ರಾಂಶುಪಾಲರನ್ನು ಕೇಳಿ ಬನ್ನಿ. ತಲೆಗೆ ಟವೆಲ್ ಸುತ್ತಿಕೊಂಡು ಹೋದ ತಂದೆಗೂ ಇದನ್ನು ಕೇಳುವ ಹಕ್ಕಿದೆ.

ಸರ್ಕಾರವನ್ನೂ ಸಂಸ್ಥೆಗಳನ್ನೂ ಕೇಳಿದ ಮೇಲೆ ನಮ್ಮನ್ನು ನಾವೇ ಕೇಳಿಕೊಳ್ಳಬೇಡವೇ? ಕದ್ದ ಫೋನು ಕೊನೆಗೆ ಯಾರದೋ ಅಂಗಡಿಗೇ ಬರುತ್ತದೆ. ಬಿಲ್ಲಿಲ್ಲದ ಹಳೆಯ ಫೋನನ್ನು ಅರ್ಧ ಬೆಲೆಗೆ ಕೊಳ್ಳುವ ಅಂಗಡಿಕಾರ ಇನ್ನೊಬ್ಬ ಅಂಗಡಿಕಾರನ ಮಗಳ ಓದನ್ನು ಕೊಳ್ಳುತ್ತಿದ್ದಾನೆಂದು ತಿಳಿಯಬೇಕು. ಕದ್ದ ಮಾಲೆಂದು ಗೊತ್ತಿದ್ದೂ ಕೊಳ್ಳುವುದು ಕಾಯಿದೆಯ ಪ್ರಕಾರವೂ ಅಪರಾಧ. ಜೆರಾಕ್ಸ್ ಅಂಗಡಿಯ ಬಂಧುಗಳು ಮಕ್ಕಳು ಕಳಿಸಿದ ಆಧಾರ್, ಅಂಕಪಟ್ಟಿಗಳನ್ನು ಅಚ್ಚು ಹಾಕಿದ ಮೇಲೆ ಕಂಪ್ಯೂಟರಿನಿಂದ ಅಳಿಸಿಹಾಕಲಿ. ಕೆಟ್ಟ ಪ್ರತಿಯನ್ನು ಹರಿದು ಎಸೆಯಲಿ. ವಿದ್ಯಾರ್ಥಿಗಳಿಗೆ ಕೋಣೆ ಬಾಡಿಗೆ ಕೊಡುವವರು ಗಟ್ಟಿ ಚಿಲಕ ಹಾಕಿಸಿ, ಕೊಟ್ಟ ಮುಂಗಡಕ್ಕೆ ರಸೀದಿ ಬರೆದುಕೊಡಲಿ. ಬಸ್ ನಿಲ್ದಾಣದ ಹೂವಿನವರು, ಹಣ್ಣಿನವರು, ಹೋಟೆಲಿನವರು, ಆಟೋ ಚಾಲಕರು, ಇವರ ಕಣ್ಣಿಗೆ ಬೀಳದ ಜೇಬುಗಳ್ಳನಿಲ್ಲ. "ನಮಗೇಕೆ ಊರ ಉಸಾಬರಿ" ಎಂದು ಸುಮ್ಮನಿರುವವರ ಮೌನವೇ ಅವನ ಬಂಡವಾಳ. ರಾತ್ರಿ ಬಸ್ಸಿಳಿದ ಹುಡುಗಿಯೊಬ್ಬಳು ಬೆಳಕಿರುವ ಅಂಗಡಿಯ ಮುಂದೆ ಬಂದು ನಿಂತರೆ, ಅವರ ಮನೆಯವರು ಬರುವ ತನಕ ಬಾಗಿಲು ಎಳೆಯದೆ ಇರುವುದಕ್ಕೆ ಯಾವ ಕಾಯಿದೆಯೂ ಬೇಕಿಲ್ಲ.

ನಾವು ಈ ಪತ್ರಿಕೆಯ ಮೂಲಕ ಜಿಲ್ಲಾಡಳಿತವನ್ನು ಸ್ಪಷ್ಟವಾಗಿ ಕೇಳುವುದು ಇಷ್ಟು. ಕತ್ತಲಾದ ಮೇಲೆ ಬರುವ ಬಸ್ಸುಗಳು ಊರೊಳಗಿನ ನಿಲ್ದಾಣಕ್ಕೆ ಬರಲೇಬೇಕು. ಕಾಲೇಜಿನ ವೇಳೆಗೆ ಬಸ್ಸು ಹೆಚ್ಚಬೇಕು. ನಿಲ್ದಾಣಗಳಲ್ಲಿ ಸಂಜೆಯ ಹೊತ್ತು ಪೊಲೀಸರು ಕಾಣುವಂತಿರಬೇಕು. ಹಾಸ್ಟೆಲಿನ ಪ್ರತಿ ವಿದ್ಯಾರ್ಥಿಗೂ ಬೀಗ ಹಾಕಬಹುದಾದ ಒಂದು ಕಪಾಟು, ಪ್ರತಿ ಹಾಸ್ಟೆಲಿನ ದಾರಿಗೂ ದೀಪ ಬೇಕು. ಕಳವಿನ ದೂರನ್ನು ಕಳವೆಂದೇ ಬರೆದುಕೊಳ್ಳಬೇಕು. ಇದರಲ್ಲಿ ಯಾವುದೂ ಚಂದ್ರನನ್ನು ಹಿಡಿದುಕೊಡಿ ಎಂಬಂಥ ಬೇಡಿಕೆಯಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ದುರ್ಗದ ಜನಕ್ಕೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಆ ಹಮಾಲಿ ಬಂಧುವಿಗೆ ನಾವು ಅಂದು ಹೇಳಿದ್ದು ಇಷ್ಟೇ: "ಯಜಮಾನರೇ, ಫೋನು ಕಳವಾಗಿದೆ, ಕಾಗದ ಕಳವಾಗಿದೆ. ಈಗ ಮಗಳನ್ನು ಕರೆಸಿಕೊಂಡರೆ ಅವಳ ಓದೂ ಕಳವಾಗುತ್ತದೆ. ಆಗ ಕಳ್ಳ ಯಾರು ಅಂತ ಯಾವ ಠಾಣೆಗೆ ಹೋಗಿ ಹೇಳ್ತೀರಿ?" ಅವರು ಉತ್ತರ ಕೊಡಲಿಲ್ಲ. ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೊರಟರು.

ಮರುದಿನ ಬೆಳಿಗ್ಗೆ ಅವರು ಮಗಳನ್ನೂ, ಮಿಲ್ಲಿನ ಐದು ಮಂದಿ ಜೊತೆಗಾರರನ್ನೂ ಕರೆದುಕೊಂಡು ಮತ್ತೆ ಠಾಣೆಗೆ ಹೋದರು. ಯಾರೂ ಕೂಗಾಡಲಿಲ್ಲ. ದೂರನ್ನು ಮಗಳೇ ಬರೆದಳು. ಚೀಲದ ಕೊಯ್ದ ಭಾಗವನ್ನು ಮೇಜಿನ ಮೇಲಿಟ್ಟು ತೋರಿಸಿದಳು. ಈ ಸಲದ ಕಾಗದದಲ್ಲಿ ಕಳವು ಎಂಬ ಮಾತೇ ಇದೆ. ಫೋನು ಇನ್ನೂ ಸಿಕ್ಕಿಲ್ಲ. ಅಂಕಪಟ್ಟಿಯ ಎರಡನೆಯ ಪ್ರತಿಗೆ ಅರ್ಜಿ ಹೋಗಿದೆ. ಕಂತು ಎಂಟು ಬಾಕಿಯೇ ಇದೆ. ಸೋಮವಾರದ ಮೊದಲ ಬಸ್ಸಿಗೆ ಹುಡುಗಿ ಮತ್ತೆ ತರಗತಿಗೆ ಹೋದಳೆಂದು ನಮಗೆ ಸುದ್ದಿ ಬಂದಿದೆ.